ಬೆಳಕು ಎಲ್ಲಿ ನಿಂತಿತು?

ಶಿರಸಿ ಸೀಮೆಯ ಜುಲೈ ಮಳೆಯಲ್ಲಿ ದೊಡ್ಡಪ್ಪನ ಮನೆಯ ಇಂಟರ್‌ನೆಟ್ ಹೋದ ದಿನ ನಾನು ಕೈಗೊಂಡ ಪಯಣ ಕುರ್ಚಿಯಿಂದಲೇ ಶುರುವಾಯಿತು. ಮೊದಲ ನಿಲ್ದಾಣ 127.0.0.1. ಪ್ರತಿ ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸವಿದು. ಇಲ್ಲಿಗೆ ‘ಪಿಂಗ್’ ಕಳಿಸಿದರೆ ಸಂದೇಶ ತಂತಿಗೆ ಇಳಿಯುವುದೇ ಇಲ್ಲ, ಒಳಗೇ ಒಂದು ಸುತ್ತು ಹಾಕಿ ಮರಳುತ್ತದೆ. ಮರಳಿತು. ಅಂದರೆ ಯಂತ್ರ ತನ್ನ ಮಟ್ಟಿಗೆ ಸರಿಯಾಗಿದೆ.

ಎರಡನೆಯದು ಯಂತ್ರಕ್ಕೆ ಸಿಕ್ಕ ವಿಳಾಸ. ಅದು 169.254 ಎಂದು ಶುರುವಾಗಿದ್ದರೆ, ಕೇಳಿದರೂ ಯಾರೂ ವಿಳಾಸ ಕೊಡಲಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಇಲ್ಲಿ 192.168 ಇತ್ತು. ರೌಟರನ್ನು ಕೂಗಿದೆ, ಓಗೊಟ್ಟಿತು. ಅದರಾಚೆ ಗೂಗಲ್‌ನ 8.8.8.8 ಅನ್ನು ಕೂಗಿದರೆ ಸದ್ದಿಲ್ಲ. ಅದು ಉತ್ತರ ಕೊಟ್ಟು, ಹೆಸರು ಟೈಪಿಸಿದಾಗ ಮಾತ್ರ ಪುಟ ತೆರೆಯದಿದ್ದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕಡೆ ನೋಡಬೇಕಿತ್ತು. ಈಗ ಆ ದಾರಿ ಬೇಡ. ಕೊಂಡಿ ಕಳಚಿದ್ದು ರೌಟರಿನ ಆಚೆಗೆ.

ಈ ಪಿಂಗ್ ಅನ್ನು 1983ರ ಡಿಸೆಂಬರಿನಲ್ಲಿ ಬರೆದವರು ಅಮೆರಿಕ ಸೇನೆಯ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್. ಅವರೂ ಆಗ ತೊಂದರೆ ಕೊಡುತ್ತಿದ್ದ ಒಂದು ನೆಟ್‌ವರ್ಕಿನ ಮೂಲ ಹುಡುಕುತ್ತಿದ್ದರು. ನೀರಿನಾಳಕ್ಕೆ ಸದ್ದು ಕಳಿಸಿ, ಪ್ರತಿಧ್ವನಿಗೆ ಕಾಯುವ ಸೋನಾರ್‌ನಿಂದ ಬಂದ ಹೆಸರು ಅದು.

ಮಧ್ಯಾಹ್ನ ಫೈಬರ್ ಹುಡುಗ ಬಂದ. ಫೈಬರ್ ಬಂದು ಸೇರುವ ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. “ಹೆಗಡೇರೇ, ಬೆಳಕೇ ಬರ್ತಾ ಇಲ್ಲ” ಎಂದ. ಬ್ಯಾಗಿನಿಂದ ಓಟಿಡಿಆರ್ ಎಂಬ ಯಂತ್ರ ತೆಗೆದು ಎಳೆಯ ತುದಿಗೆ ಸಿಕ್ಕಿಸಿದ. ನಾನು ಬೆರಗಾದದ್ದು ಆಗಲೇ. ಅದು ಗಾಜಿನ ಎಳೆಯೊಳಗೆ ಬೆಳಕಿನ ಮಿಡಿತ ಕಳಿಸಿ, ತಿರುಗಿ ಬರುವ ಕ್ಷೀಣ ಬೆಳಕಿಗೆ ಕಾಯುತ್ತದೆ. ಮೂಸ್ ಸಂದೇಶದಿಂದ ಮಾಡಿದ್ದನ್ನು ಇದು ಬೆಳಕಿನಿಂದಲೇ ಮಾಡುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಪರದೆಯಲ್ಲಿ ಗೆರೆ 640 ಮೀಟರಿನ ಹತ್ತಿರ ಧೊಪ್ಪನೆ ಬಿದ್ದಿತ್ತು. ಹೋಗಿಬರಲು ಬೆಳಕಿಗೆ ಹಿಡಿದದ್ದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಆರು ಚಿಲ್ಲರೆ ಭಾಗ, ಅಷ್ಟೇ!

ನಮಗೆ ಹಿಡಿದದ್ದು ಬಹಳ ಹೊತ್ತು. ತೋಟ ಇಳಿದು, ಹಳ್ಳದ ಸಂಕ ದಾಟಿ, ಕಾಲಿಗೆ ಹತ್ತಿದ ಉಂಬಳ ಕೀಳುತ್ತ, ಕಂಬದಿಂದ ಕಂಬಕ್ಕೆ ಕೇಬಲ್ಲಿನ ಜೊತೆ ನಡೆದೆವು. ಯಂತ್ರ ಹೇಳಿದ ಆಸುಪಾಸಿನಲ್ಲೇ ಮತ್ತಿಮರದ ಕೊಂಬೆ ಮುರಿದು ಕೇಬಲ್ಲಿನ ಮೇಲೆ ಒರಗಿತ್ತು.

ಛತ್ರಿ ಹಿಡಿದು ನಿಂತು ತುಂಡಾದ ಎಳೆಯ ಬೆಸುಗೆ ನೋಡಿದೆ. ಸಿಪ್ಪೆ ಸುಲಿದ ಗಾಜಿನೆಳೆಯ ದಪ್ಪ 125 ಮೈಕ್ರಾನ್, ದಪ್ಪನೆಯ ತಲೆಗೂದಲಿನ ಆಸುಪಾಸು. ಅದರಲ್ಲಿ ಬೆಳಕು ಓಡುವ ತಿರುಳು ಸುಮಾರು 9 ಮೈಕ್ರಾನ್. ಹುಡುಗ ಎರಡೂ ತುದಿಗಳನ್ನು ಆಲ್ಕೋಹಾಲಿನಿಂದ ಒರೆಸಿ, ನೇರ ಕತ್ತರಿಸಿ, ಬೆಸುಗೆಯ ಯಂತ್ರದಲ್ಲಿಟ್ಟ. ಪುಟ್ಟ ಪರದೆಯಲ್ಲಿ ಎರಡು ತುದಿಗಳು ಎದುರುಬದುರಾಗಿ ಸರಿದು ನಿಂತವು. ವಿದ್ಯುತ್ತಿನ ಒಂದು ಕಿಡಿಗೆ ಕರಗಿ ಒಂದಾದವು. ಬೆಸೆದ ಜಾಗ ನನ್ನ ಕಣ್ಣಿಗೆ ಕಾಣಲೇ ಇಲ್ಲ. ಮಳೆಯಲ್ಲಿ, ಸೊಂಟದೆತ್ತರದ ಹುಲ್ಲಿನಲ್ಲಿ ನಿಂತು ಇಷ್ಟು ನಾಜೂಕಿನ ಕೆಲಸ ಮಾಡುವ ಕೈಗಳ ಬಗ್ಗೆ ನಾವು ಬರೆದದ್ದು ತೀರಾ ಕಡಿಮೆ.

ದೀಪ ಹಸಿರಾಯಿತು. ಆದರೂ ನನ್ನ ಪಯಣದ ಆಸೆ ತೀರಿರಲಿಲ್ಲ. ಯುರೋಪಿನ ಒಂದು ಸರ್ವರಿನತ್ತ ‘ಟ್ರೇಸ್‌ರೂಟ್’ ಓಡಿಸಿದೆ. ಇದರ ಉಪಾಯ ಸೊಗಸು: ಮೊದಲ ಸಂದೇಶಕ್ಕೆ ಒಂದೇ ಮಜಲಿನ ಆಯಸ್ಸು, ಎರಡನೆಯದಕ್ಕೆ ಎರಡು, ಹೀಗೆ. ಆಯಸ್ಸು ಮುಗಿದಲ್ಲಿನ ರೌಟರ್ ‘ಇಲ್ಲಿ ಮುಗಿಯಿತು’ ಎಂದು ಹೇಳಿಕಳಿಸುತ್ತದೆ. ಆ ಸುದ್ದಿಗಳೇ ಸೇರಿ ದಾರಿಯ ನಕ್ಷೆ. ಕೆಲವು ರೌಟರುಗಳು ಬಾಯಿ ಬಿಡಲಿಲ್ಲ, ಅಲ್ಲಿ ಬರೀ ನಕ್ಷತ್ರ ಚಿಹ್ನೆ. ಸಂದೇಶ ಹೋಗಿಬರಲು ಹಿಡಿದ ಹೊತ್ತು ಮುಂಬೈವರೆಗೆ ಸಣ್ಣ ಸಣ್ಣ ಅಂಕಿಗಳು. ಮುಂದೆ ಫ್ರಾನ್ಸಿನ ಮಾರ್ಸೇ ಹೆಸರು ಹೊತ್ತ ಸಾಲಿನಲ್ಲಿ ಒಮ್ಮೆಲೇ ನೂರು ಮಿಲಿಸೆಕೆಂಡ್ ದಾಟಿತು. ಎರಡು ಸಾಲುಗಳ ನಡುವಿನ ಆ ಜಿಗಿತದಲ್ಲೇ ಸಾವಿರಾರು ಕಿಲೋಮೀಟರ್ ಕಡಲು ಇತ್ತು. ದೊಡ್ಡಪ್ಪನನ್ನು ಕರೆದು ತೋರಿಸಿದೆ.