ಕೊಬ್ಬರಿ ದುಡ್ಡಿನ ಗಿಟಾರ್

ಬ್ಲೂಸ್, ಜಾಝ್ ಕಲೀಬೇಕು ಅನ್ನೋ ಹುಚ್ಚು ಹಿಡಿದಾಗ ನನ್ನ ಹತ್ರ ಇದ್ದದ್ದು 12 ಸಾವಿರ. ಅದರಲ್ಲಿ ಅರ್ಧ, ಬಾಣಾವರದಲ್ಲಿ ಅಪ್ಪ ಕೊಬ್ಬರಿ ಮಾರಿ ಕೊಟ್ಟ ದುಡ್ಡು. ಬಿ.ಬಿ. ಕಿಂಗ್ ನುಡಿಸುತ್ತಿದ್ದ ಗಿಬ್ಸನ್ ಇಎಸ್-355ರ ಬೆಲೆ ನೋಡಿ ಫೋನ್ ಪಕ್ಕಕ್ಕಿಟ್ಟೆ.

ಆಮೇಲೆ ಇಎಸ್-150 ಬಗ್ಗೆ ಓದಿದೆ. 1936ರಲ್ಲಿ ಬಂದ ಗಿಟಾರ್. ಆಂಪ್ ಸೇರಿ ಸುಮಾರು 150 ಡಾಲರ್, ಅದಕ್ಕೇ ಆ ಹೆಸರು. ಚಾರ್ಲಿ ಕ್ರಿಶ್ಚಿಯನ್ ಜಾಝ್‌ನಲ್ಲಿ ಹೆಸರು ಮಾಡಿದ್ದು ಅದರಲ್ಲೇ. ಅದಕ್ಕಿದ್ದದ್ದು ನೆಕ್ ಪಕ್ಕ ಒಂದೇ ಒಂದು ಪಿಕಪ್. ಹಾಗಾದ್ರೆ ನನಗೆ ಬೇಕಾಗಿದ್ದೂ ಅಷ್ಟೇ!

ಹಾಸನದಲ್ಲಿ ಒಬ್ಬರ ಹತ್ರ ಹಳೇ ಯಮಹಾ ಪೆಸಿಫಿಕಾ ಸಿಕ್ತು, ಸಣ್ಣ ಆಂಪ್ ಸಮೇತ. ಹೊಸ ತಂತಿ ಹಾಕಿ, ನೆಕ್ ಪಿಕಪ್‌ಗೆ ತಿರುಗಿಸಿ, ಟೋನ್ ಇಳಿಸಿದೆ. ದುಂಡಗಿನ, ಮೆತ್ತನೆಯ ಸ್ವರ. ಟೋನ್ ಏರಿಸಿದರೆ ಬ್ಲೂಸ್‌ಗೂ ಆಗುತ್ತೆ.

ಆದರೆ ಮನೆಯಲ್ಲಿ ಪ್ಲಗ್ ಹಾಕಿದ ಕೂಡ್ಲೇ ‘ಗುಂಯ್’ ಅಂತು.

“ಕೆಟ್ಟೋಗಿರೋದನ್ನ ತಂದ್ಯೇನೋ?” ಅಪ್ಪ ಕೇಳಿದ್ರು.

ಎದೆ ಧಸಕ್ ಅಂತು. ಸಿಂಗಲ್ ಕಾಯಿಲ್ ಪಿಕಪ್ ನಮ್ಮ ಕರೆಂಟಿನ 50 ಹರ್ಟ್ಸ್ ಸದ್ದನ್ನೂ ಹಿಡಿಯುತ್ತೆ ಅಂತ ವಿವರಿಸ್ತಿದ್ದೆ, ಅಷ್ಟರಲ್ಲಿ ಕರೆಂಟೇ ಹೋಯ್ತು. ಕತ್ತಲಲ್ಲೇ ಸಣ್ಣಗೆ ನುಡಿಸ್ತಾ ಕೂತೆ.

“ಈಗ ಸರಿಹೋಯ್ತು ನೋಡು,” ಅಂದ್ರು ಅಪ್ಪ. ಎದ್ದು ಹೋಗಲಿಲ್ಲ.