ನಾಲ್ಕನೆಯ ವಚನ

17 ಅಕ್ಟೋಬರ್ 2023, ಮಂಗಳವಾರ. ಸಿದ್ದಾಪುರ

ಶಾಲೆಯಿಂದ ಬರುವಷ್ಟರಲ್ಲಿ ಬಳ್ಳಾರಿಯಿಂದ ತಂಗಿಯ ಫೋನು. ‘ಟೀವೀಲಿ ನೋಡಿದ್ಯಾ ಅಕ್ಕಾ? ಗಂಡು ಗಂಡು ಮದ್ವೆ ಆಗಂಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ತು. ಇನ್ನಾದ್ರೂ ಇವ್ನು ದಾರಿಗೆ ಬರ್ತಾನೇನೋ.’ ಇವ್ನು ಎಂದರೆ ಅವಳ ಮಗ, ಹದಿನೇಳರ ಹುಡುಗ. ಅವನು ಕೇಳುತ್ತಿರುವುದು ಮದುವೆಯನ್ನಲ್ಲ, ಕಿತ್ತಿಟ್ಟುಕೊಂಡ ಫೋನನ್ನು. ಇವತ್ತಿನ ತೀರ್ಪು ಮದುವೆಯ ವಿಷಯಕ್ಕೆ. ಇಂಥವರು ಅಪರಾಧಿಗಳಲ್ಲ ಅಂತ 2018ರ ಸೆಪ್ಟೆಂಬರ್ 6ರಂದೇ ಅದೇ ಕೋರ್ಟು ಹೇಳಿಯಾಗಿದೆ ಎಂದೆ. ‘ಅಪರಾಧ ಅಲ್ದಿದ್ರೇನು, ಪಾಪ ಅಲ್ವಾ?’ ಎಂದಳು. ಇದನ್ನು ಅಪರಾಧವಾಗಿಸಿದ ಸೆಕ್ಷನ್ 377 ಬರೆದ ಇಂಗ್ಲಿಷರಿಗೂ ಇವೆರಡರ ನಡುವೆ ಗೆರೆ ಕಾಣಿಸಿರಲಿಲ್ಲ, ಇವಳನ್ನೇನು ಅನ್ನಲಿ.

22 ಅಕ್ಟೋಬರ್, ಭಾನುವಾರ. ಬಳ್ಳಾರಿ

ದಸರಾ ರಜೆ. ಬಂದು ನೋಡಿದರೆ ಹುಡುಗನ ಕೋಣೆಯ ಚಿಲಕ ಹೊರಗಡೆ ಕೂತಿದೆ. ಹೊಸ ಚಿಲಕ, ಮರದ ಹೊಟ್ಟು ಇನ್ನೂ ನೆಲದ ಮೇಲೆ. ಉಪವಾಸ ಪ್ರಾರ್ಥನೆ ನಡೆದಿದೆಯಂತೆ. ಉಪವಾಸ ಯಾರದು ಎಂದರೆ ಅವನದು. ಪಾಸ್ಟರ್ ತಲೆಗೆ ಎಣ್ಣೆ ಹಚ್ಚಿ, ದುರಾತ್ಮದ ಹೆಸರು ಹೇಳು ಎಂದು ಗದರಿದರಂತೆ. ‘ಏನಂದೆ?’ ಎಂದು ಕೇಳಿದೆ. ‘ನನ್ ಹೆಸ್ರೇ ಹೇಳ್ದೆ ದೊಡ್ಡಮ್ಮ’ ಎಂದ. ಕಿಟಕಿಯ ಮೇಲೆ ಆ ಎಣ್ಣೆ ಬಾಟಲಿ ಇತ್ತು. ಅಂಗಡಿಯ ಕೊಬ್ಬರಿ ಎಣ್ಣೆಯೇ, ಮೇಲೆ ಬಾಲ್‌ಪೆನ್ನಿನಲ್ಲಿ ಒಂದು ಶಿಲುಬೆ.

ರಾತ್ರಿ ಭಾವನ ಜೊತೆ ಜಗಳ ಆಡಬೇಕೆಂದೇ ಕೂತೆ. ಆ ಮನುಷ್ಯ ಅಳತೊಡಗಿದ. ‘ನನ್ ಮಗ ನರಕಕ್ಕೆ ಹೋದ್ರೆ ನಾನು ಪರಲೋಕದಲ್ಲಿದ್ದು ಏನ್ ಮಾಡ್ಲಿ ಅಕ್ಕಾ?’ ಇವನನ್ನು ಕ್ರೂರಿ ಎಂದು ಬರೆದುಬಿಟ್ಟರೆ ನನಗೆ ಸುಲಭ. ಇವನು ಹೆದರಿದವನು. ಆದರೆ ಇವನ ಹೆದರಿಕೆಗೆ ಹಸಿದುಕೊಂಡಿರುವವನು ಮಗ.

ಬೆಳಿಗ್ಗೆ ಕರೆದುಕೊಂಡು ಹೊರಡುತ್ತೇನೆ. ಹೇಳುತ್ತೇನೆ, ಕೇಳುವುದಿಲ್ಲ.

29 ಅಕ್ಟೋಬರ್, ಭಾನುವಾರ. ಸಿದ್ದಾಪುರ

ಹುಡುಗ ಎರಡು ದಿನ ಬರೀ ನಿದ್ದೆ ಮಾಡಿದ, ಆಮೇಲೆ ತಿನ್ನತೊಡಗಿದ. ಮುದ್ದೆ, ಶೇಂಗಾ ಚಟ್ನಿ. ಈ ವರ್ಷ ಮಳೆ ಕೈಕೊಟ್ಟು ಊರಲ್ಲಿ ಶೇಂಗಾ ಗಿಡ ಕಿತ್ತರೆ ಬುಡದಲ್ಲಿ ಜೊಳ್ಳೇ ಹೆಚ್ಚು. ಹೋದ ವರ್ಷದ್ದನ್ನು ಹುರಿದುಕೊಟ್ಟೆ.

ಸಂಜೆ ಅಶೋಕನ ಶಾಸನ ತೋರಿಸಿದೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಮೂರರಲ್ಲಿ ನಮ್ಮೂರದು ಒಂದು. ಬ್ರಹ್ಮಗಿರಿಯದೂ ಜಟಿಂಗರಾಮೇಶ್ವರದ್ದೂ ಇನ್ನೆರಡು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ಬರೆದ ಲಿಪಿಕಾರ ಚಪಡ ಹೆಸರನ್ನೂ ಹಾಕಿಕೊಂಡಿದ್ದಾನೆ. ಅರ್ಥ ಏನು ಎಂದ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಮಕ್ಕಳಿಗೆ ಹೇಳುವ ಹಾಗೇ ಒಪ್ಪಿಸಿದೆ. ಹುಡುಗ ನಕ್ಕುಬಿಟ್ಟ. ‘ಇಲ್ಲೂ ಅದೇನಾ? ಸತ್ಯ ಹೇಳಿದ್ದಕ್ಕೇ ಅಲ್ವಾ ಬಾಗ್ಲು ಹಾಕಿದ್ದು?’

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಆ ಎರಡು ವಿಧಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಹುದೆಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ.

5 ನವೆಂಬರ್, ಭಾನುವಾರ

ಪಕ್ಕದ ಮನೆಯಾಕೆಗೆ ಹೇಗೋ ಸುಳಿವು ಸಿಕ್ಕಿದೆ. ‘ಹುಲಿಗೆಮ್ಮನ ಹತ್ರ ಕರ್ಕೊಂಡೋಗಿ ಮುತ್ತು ಕಟ್ಟಿಸ್ಬಿಡಿ ಟೀಚರ್, ನಮ್ಮಲ್ಲಿ ಹಂಗೇ ಮಾಡೋದು.’ ಮುತ್ತು ಕಟ್ಟಿಸುವುದೆಂದರೆ ದೇವಿಗೆ ಬಿಟ್ಟು ಜೋಗತಿ ಮಾಡುವುದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರನ್ನು ಹುಡುಗರಾಗಿದ್ದಾಗ ಮನೆಯವರು ಕರೆದೊಯ್ದದ್ದು ಅಲ್ಲಿಗೇ. ಆಮೇಲೆ ವಿಷ ಕುಡಿದದ್ದನ್ನು, ಭಿಕ್ಷೆ ಬೇಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 2021ರಲ್ಲಿ ಪದ್ಮಶ್ರೀ ಬಂದಾಗ ಬಳ್ಳಾರಿ ಕಡೆಯವರೆಲ್ಲ ನಮ್ಮವರು ಎಂದೆವು. ಮಂಜಮ್ಮ ಹೆಣ್ಣಾಗಿ ಬದುಕಬೇಕೆಂದವರು. ಇವನು ಗಂಡೇ, ಗಂಡಾಗಿಯೇ ಇರುವವನು. ಮನಸ್ಸು ಹೋಗುವುದು ಹುಡುಗರ ಕಡೆಗೆ. ಇವೆರಡೂ ಬೇರೆ ಎಂದು ಆಕೆಗೆ ವಿವರಿಸಲು ಹೋಗಿ ನಾನೇ ಬೆವೆತೆ. ಎಣ್ಣೆ ಬಾಟಲಿಗೂ ಮುತ್ತಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಎರಡೂ ಕಡೆ ಹುಡುಗನನ್ನು ಕೇಳಿದವರಿಲ್ಲ.

8 ನವೆಂಬರ್, ಬುಧವಾರ

ಭಾವನ ಬೇಡಿಕೆಯಂತೆಯೇ ಮನೋವೈದ್ಯರ ಬಳಿ ಹೋಗಿ ಬಂದೆವು. ವೈದ್ಯರು ನಿದ್ದೆ, ಊಟ, ಸಾಯಬೇಕೆನಿಸುತ್ತದಾ ಎಂದೆಲ್ಲ ಕೇಳಿದರು. ಕೊನೆಗೆ, ಇದು ಕಾಯಿಲೆಯಲ್ಲ, ಔಷಧವಿಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆಯಂತೆ. ‘ಸರಿಪಡಿಸ್ತೀನಿ’ ಎನ್ನುವ ವೈದ್ಯರ ಮೇಲೆ ದುರ್ನಡತೆಯ ಕ್ರಮ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೋದ ವರ್ಷ ತಿಳಿಸಿದೆ. ಅದರ ಹಿಂದೆ ಮದ್ರಾಸ್ ಹೈಕೋರ್ಟಿನ 2021ರ ಆದೇಶವಿದೆ. ವೈದ್ಯರಿಗೆ ಕಟ್ಟುಪಾಡು ಬಂತು. ಪ್ರಾರ್ಥನೆಯ ಹೆಸರಿನಲ್ಲಿ ಮಾಡಿದರೆ ಕೇಳುವವರು ಯಾರು? ಅಮೆರಿಕದಲ್ಲಿ ಇದನ್ನೇ ಸೇವೆ ಎಂದು ಮಾಡಿಕೊಂಡಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಮುಚ್ಚಿತು. ಅವರು ಬಿಟ್ಟದ್ದನ್ನು ನಮ್ಮವರು ಈಗ ಹಿಡಿದಿದ್ದಾರೆ.

ಬರುವ ದಾರಿಯಲ್ಲಿ, ಇವನಂಥವನೇ ಒಬ್ಬನ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ ಕೊಡಿಸಿದೆ. ಬಸ್ಸಿನಲ್ಲೇ ಓದಲು ಶುರು. ‘ಇವ್ರು ಸಂಡೂರೋರಾ? ನಮ್ ಸಂಡೂರಾ?’ ಎಂದು ಮತ್ತೆ ಮತ್ತೆ ಕೇಳಿದ.

26 ನವೆಂಬರ್, ಭಾನುವಾರ

ಮನೆಸಭೆಗೆ ಹೋಗಿದ್ದೆ. ಪಾಠ, ಎಫೆಸದವರಿಗೆ ಬರೆದ ಪತ್ರಿಕೆ, ಆರನೆಯ ಅಧ್ಯಾಯ. ಮಕ್ಕಳು ಹೆತ್ತವರಿಗೆ ವಿಧೇಯರಾಗಿರಬೇಕೆಂಬುದನ್ನು ಮೂರನೆಯ ವಚನದವರೆಗೆ ಓದಿ ಪುಸ್ತಕ ಮುಚ್ಚಿದರು. ಎಷ್ಟು ಸಲ ಕೇಳಿದ್ದೇನೋ, ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ. ನಾಲ್ಕನೆಯ ವಚನ ತಂದೆಗಳಿಗೆ: ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ ಎಂಬ ಅರ್ಥದ್ದು. ಕೊಲೊಸ್ಸೆಯವರಿಗೆ ಬರೆದಾಗಲೂ ಪೌಲನು ಅದನ್ನೇ ಹೇಳಿ, ಮಕ್ಕಳು ಎದೆಗುಂದುತ್ತಾರೆ ಎಂದು ಕಾರಣವನ್ನೂ ಕೊಡುತ್ತಾನೆ. ನಮ್ಮೂರ ಬಂಡೆಯ ಮೇಲೆ ಮಕ್ಕಳ ಕರ್ತವ್ಯ ಇದೆ, ಬಂಧುಗಳಲ್ಲಿ ತಕ್ಕಂತೆ ನಡೆಯಬೇಕೆಂಬುದೂ ಇದೆ, ಅಪ್ಪನಿಗೆಂದೇ ಒಂದು ಸಾಲಿಲ್ಲ. ನಮ್ಮ ಬೈಬಲಿನಲ್ಲಿ ಅದೂ ಇದೆ. ಓದುವುದಿಲ್ಲ, ಅಷ್ಟೇ.

ಪೌಲನೇ ರೋಮಾಪುರದವರಿಗೆ ಬರೆದದ್ದನ್ನು ನಾನು ಮರೆತಿಲ್ಲ. ಗಂಡಸರು ಗಂಡಸರನ್ನು ಬಯಸುವುದರ ಬಗೆಗಿನ ಆ ಮಾತುಗಳು ಕಠಿಣವಾಗಿಯೇ ಇವೆ. ಯಾಜಕಕಾಂಡ ಇನ್ನೂ ಕಠಿಣ. ಅವುಗಳನ್ನು ನಯಮಾಡಿ ಓದುವ ಪಾಂಡಿತ್ಯ ನನ್ನದಲ್ಲ. ಆದರೆ ಧರ್ಮೋಪದೇಶಕಾಂಡದಲ್ಲಿ ಮೊಂಡ ಮಗನನ್ನು ಊರ ಹಿರಿಯರ ಮುಂದೆ ನಿಲ್ಲಿಸಿ ಕಲ್ಲೆಸೆಯಿರಿ ಎಂದೂ ಇದೆ. ಅದನ್ನು ಭಾವನೂ ಪಾಲಿಸುವುದಿಲ್ಲ. ಎಲ್ಲಿ ಬಿಡಬೇಕೆಂದು ಅವನಿಗೆ ಗೊತ್ತು.

ರಾತ್ರಿ ಭಾವನಿಗೆ ಫೋನ್ ಮಾಡಿ ನಾಲ್ಕನೆಯ ವಚನ ಓದು ಎಂದೆ. ‘ಕರ್ತನ ಶಿಕ್ಷೆಯಲ್ಲಿ ಬೆಳೆಸಿ ಅಂತಲೂ ಅದ್ರಲ್ಲೇ ಇದೆ’ ಎಂದ. ಇದೆ, ನಿಜ. ‘ಮೊದಲರ್ಧದಿಂದ ಶುರು ಮಾಡು’ ಎಂದೆ.

20 ಡಿಸೆಂಬರ್, ಬುಧವಾರ

ಸಲಿಂಗಿ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದು, ಆದರೆ ಮದುವೆಯ ವಿಧಿಯಂತೆ ಅಲ್ಲ ಎಂದು ಸೋಮವಾರ ವ್ಯಾಟಿಕನ್ ಹೇಳಿದೆ. ಭಾವನಿಗೆ ಸುದ್ದಿ ಕಳಿಸಿದೆ. ‘ಅದು ಕ್ಯಾಥೊಲಿಕರದ್ದು’ ಎಂದು ಉತ್ತರ. ನಿರೀಕ್ಷಿಸಿದ್ದೇ. ಪೋಪರ ಮಾತು ಬಳ್ಳಾರಿಯ ಪೆಂತೆಕೊಸ್ತ್ ಮನೆಯ ಚಿಲಕ ತೆಗೆಸೀತೆಂದು ನಾನೂ ನಂಬಿರಲಿಲ್ಲ. ತಂಗಿ ಮಾತ್ರ ಬೇರೆಯಾಗಿ ಫೋನ್ ಮಾಡಿ, ದನಿ ತಗ್ಗಿಸಿ, ‘ಪೂರ್ತಿ ಏನಂದ್ರಂತೆ?’ ಎಂದಳು.

26 ಡಿಸೆಂಬರ್, ಮಂಗಳವಾರ

ಇಬ್ಬರೂ ಕ್ರಿಸ್ಮಸ್ ಕೇಕು, ಹುಡುಗನ ಬಟ್ಟೆ, ಅವನ ಫೋನು ಎಲ್ಲ ತಂದರು. ಅಪ್ಪ ಮಗ ಹಿತ್ತಲಲ್ಲಿ ಮೋಟರಿನ ವೈರು ಸರಿಮಾಡಿದರು. ಸ್ಪ್ಯಾನರ್ ಕೊಡು, ಹಿಡಿ, ಬಿಡು, ಇಷ್ಟೇ ಮಾತು. ಊಟವಾದ ಮೇಲೆ ಭಾವ, ‘ಪಿಯು ಪರೀಕ್ಷೆ ಮುಗಿಯೋಗಂಟ ಇಲ್ಲೇ ಇರ್ಲಿ, ಕಾಲೇಜಿಗೆ ಇಲ್ಲಿಂದ್ಲೇ ಓಡಾಡ್ಲಿ. ಆಮೇಲೆ ನೋಡಾಣ’ ಎಂದ. ‘ಆಮೇಲೆ ಏನ್ ನೋಡೋದು?’ ಎಂದು ಮಗ ನೇರ ಕೇಳಿದ. ಉತ್ತರ ಬರಲಿಲ್ಲ.

ನಾನು ಷರತ್ತು ಹಾಕಿದೆ: ಉಪವಾಸ ಹಾಕಿಸುವಂತಿಲ್ಲ, ಫೋನು ಕಿತ್ತುಕೊಳ್ಳುವಂತಿಲ್ಲ. ಎರಡಕ್ಕೂ ಹೂಂ ಎಂದ. ‘ಪಾಸ್ಟರ್ ಒಂದ್ ಸಲ ಬಂದು ನೋಡ್ಕೊಂಡ್ ಹೋಗ್ತಾರೆ’ ಎಂದು ಶುರು ಮಾಡಿದ. ಬರಲಿ, ಮುದ್ದೆ ಹಾಕುತ್ತೇನೆ, ಎಣ್ಣೆ ಮಾತ್ರ ಮನೆಯಲ್ಲೇ ಬಿಟ್ಟು ಬರಲಿ ಎಂದೆ. ತಂಗಿ ಮುಖ ತಿರುಗಿಸಿಕೊಂಡು ನಕ್ಕಳು; ಭಾವ ನೋಡಿದ, ಬೈಯಲಿಲ್ಲ.