ಹೆಸರು ಬರೆಸುವ ಕಾಲ

2025ರ ಅಕ್ಟೋಬರ್. ಬಸ್ಸು ಕಲಬುರಗಿ ಜಿಲ್ಲೆಯ ಕಟ್ಟಿಸಂಗಾವಿ ಸೇತುವೆ ದಾಟುತ್ತಿದೆ, ಕಿಟಕಿಯಿಂದ ಕೆಳಗೆ ನೋಡಿ. ಭೀಮೆ ಇಳಿದಿದ್ದಾಳೆ. ಎಲ್ಲಿಯವರೆಗೆ ಬಂದಿದ್ದಳೆಂಬುದಕ್ಕೆ ಜಾಲಿಗಿಡಗಳ ನೆತ್ತಿಯಲ್ಲಿ ಸಿಕ್ಕ ಚಿಂದಿಯೇ ಸಾಕ್ಷಿ. ಮಹಾರಾಷ್ಟ್ರದಿಂದ ಹರಿದುಬಂದ ನೀರು ಅಫಜಲಪುರದ ಸೊನ್ನ ಬ್ಯಾರೇಜ್ ದಾಟಿ ಜೇವರ್ಗಿಯವರೆಗೂ ಹೊಲ ನುಂಗಿ ಹೋಗಿದೆ. ತೊಗರಿ ಹಳದಿಗಟ್ಟಿ ನಿಂತಿದೆ. ಇಳಿದು ನಡೆದರೆ ಎರೆಮಣ್ಣು ಚಪ್ಪಲಿ ಬಿಡುವುದಿಲ್ಲ.

ಊರ ಹೊರಗಿನ ಮಾದರ ಓಣಿಗೆ ಬನ್ನಿ. ತಗಡಿನ ಚಾವಣಿಯ ಪ್ರಾರ್ಥನಾ ಮನೆ, ಎದುರಿಗೆ ಬೇವಿನ ಗಿಡ. ಮನೆಗಳ ಬಾಗಿಲಿಗೆ ಸಮೀಕ್ಷೆಯ ಚೀಟಿ ಅಂಟಿದೆ. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಗಿದ್ದು ಇನ್ನೂ ಮುಗಿದಿಲ್ಲ. ಸಮೀಕ್ಷೆಗೆ ಬಂದ ಮಾಸ್ತರರು ಮೊಬೈಲ್ ಮೇಲೆತ್ತಿ ನೆಟ್‌ವರ್ಕ್ ಹುಡುಕುತ್ತಿದ್ದಾರೆ. 60 ಪ್ರಶ್ನೆಗಳು.

"ಧರ್ಮ ಯಾವುದವ್ವಾ?"

ಮುದುಕಿ ಮಗನ ಮುಖ ನೋಡುತ್ತಾಳೆ. ಮಗ ನೆಲ ನೋಡುತ್ತಾನೆ. ಭಾನುವಾರ ಈ ಮನೆ ಯೇಸುವಿನದು. ಟ್ರಂಕಿನಲ್ಲಿರುವ ಸರ್ಟಿಫಿಕೇಟ್ ಹಿಂದೂ ಮಾದಿಗ ಎನ್ನುತ್ತದೆ. "ಏಸಪ್ಪಗ ಎರಡೂ ಗೊತ್ತದ್ರಿ," ಎನ್ನುತ್ತಾಳೆ ಮುದುಕಿ, "ನಿಮ್ಮ ಮೊಬೈಲಿಗಿ ಒಂದೇ ಬೇಕೇನು?"

ಮಾಸ್ತರರು ನಗುತ್ತಾರೆ. ಮಗ ನಗುವುದಿಲ್ಲ. ಅವನಿಗೆ ಲೆಕ್ಕ ಗೊತ್ತು. 1950ರ ರಾಷ್ಟ್ರಪತಿ ಆದೇಶದ ಮೂರನೇ ಕಲಮಿನ ಪ್ರಕಾರ ಕ್ರೈಸ್ತನಾದ ಮಾದಿಗ ಪರಿಶಿಷ್ಟ ಜಾತಿಯವನಲ್ಲ. ಮಗಳ ಹಾಸ್ಟೆಲ್ ಸೀಟು, ಪಂಚಾಯಿತಿಯ ಮೀಸಲು ಸ್ಥಾನ, ಹೊಡೆತ ಬಿದ್ದರೆ ದೌರ್ಜನ್ಯ ತಡೆ ಕಾಯ್ದೆಯ ಆಸರೆ, ಎಲ್ಲವೂ ಆ ಒಂದು ಉತ್ತರದ ಮೇಲೆ ನಿಂತಿವೆ. ಊರ ಹೋಟೆಲಿನವನು ಮಾತ್ರ ಅವನ ಧರ್ಮ ಕೇಳುವುದಿಲ್ಲ, ಓಣಿ ನೋಡಿಯೇ ಲೋಟ ಕೊಡುತ್ತಾನೆ. ಆಯೋಗದ ಪಟ್ಟಿಯಲ್ಲಿ ಕ್ರೈಸ್ತ ಎಂಬ ಪದ ಅಂಟಿದ ಜಾತಿಗಳೂ ಇದ್ದವು. ಗದ್ದಲವೆದ್ದ ಮೇಲೆ ಅವು ಪಟ್ಟಿಯಿಂದ ಮರೆಯಾದವು.

ಗಿಡದ ಕೆಳಗೆ ಕೂತ ಪಾಸ್ಟರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಕ್ರಿಸ್ತಜಯಂತಿಯ ಕಥೆ ದೇವದೂತರಿಂದ ಶುರುವಾಗುವುದಿಲ್ಲ, ಸರಕಾರದ ಜನಗಣತಿಯಿಂದ ಶುರುವಾಗುತ್ತದೆ. ಕೈಸರ ಔಗುಸ್ತನ ಹುಕುಂ ಬಂತೆಂದು ಬಡಗಿ ಯೋಸೇಫ ತುಂಬು ಬಸುರಿ ಮರಿಯಳನ್ನು ಕರೆದುಕೊಂಡು ಹೆಸರು ಬರೆಸಲು ಪೂರ್ವಿಕರ ಊರಿಗೆ ಹೊರಡುತ್ತಾನೆ. ದುಡಿಯಲು ಪುಣೆ, ಮುಂಬೈಗೆ ಹೋದ ಆಳಂದದ ಕೂಲಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋಮ್ ಎಣಿಸುತ್ತಿದ್ದುದು ತೆರಿಗೆಗಾಗಿ, ಹಿಡಿತಕ್ಕಾಗಿ. ಆ ಎಣಿಕೆಯ ನಡುವೆ ಹುಟ್ಟಿದ ಕೂಸನ್ನೇ ಸಾಮ್ರಾಜ್ಯ ಮುಂದೆ ಶಿಲುಬೆಗೇರಿಸಿತು.

ಸುವಾರ್ತೆಯನ್ನು ಹೀಗೆ ಬಡವರ ಕಣ್ಣಿನಿಂದ ಓದಿ ಪೆರುವಿನ ಗುಸ್ತಾವೊ ಗುಟಿಯೆರೆಸ್ 1971ರಲ್ಲಿ ವಿಮೋಚನಾ ದೈವಶಾಸ್ತ್ರದ ಪುಸ್ತಕ ಬರೆದರು. ನಮಗೆ ಹತ್ತಿರದ ಮಾತು ಬಂದದ್ದು 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ. ಭಾರತದ ಕ್ರೈಸ್ತ ಚಿಂತನೆ ಬ್ರಾಹ್ಮಣ ಪರಂಪರೆಗೇ ಜೋತುಬಿದ್ದಿದೆ ಎಂದು ಅಲ್ಲಿ ಅರವಿಂದ ನಿರ್ಮಲ್ ತಕರಾರು ತೆಗೆದರು. ದಲಿತ ದೈವಶಾಸ್ತ್ರ ಬೆಳೆದದ್ದು ಆ ತಕರಾರಿನಿಂದ. ಇಲ್ಲಿನವರು ಸಾಮ್ರಾಜ್ಯವನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆ, 1947ರವರೆಗೆ ಅವನ ಮೇಲೆ ಬ್ರಿಟಿಷರು, ಎಲ್ಲರ ಕೆಳಗೆ ಊರ ಗೌಡ. ನಿಜಾಮ ಹೋದ, ಬ್ರಿಟಿಷರು ಹೋದರು. ಓಣಿ ಅಲ್ಲೇ ಇದೆ. ಚರ್ಚೂ, ರೋಮನ್ನು ಬೈದಷ್ಟು ಸಲೀಸಾಗಿ ತನ್ನೊಳಗಿನ ಜಾತಿಯನ್ನು ಬೈದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಹೆಸರಿಗೆ ಎಷ್ಟು ಬೆಲೆಯೆಂದು ಆಳಂದಕ್ಕೂ ಗೊತ್ತು. 2023ರ ಚುನಾವಣೆಗೆ ಮುನ್ನ ಅಲ್ಲಿ ಮತದಾರರ ಹೆಸರು ತೆಗೆಯಲು 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾದವು ಬರೀ 24.

ಮಾಸ್ತರರಿಗೆ ನೆಟ್‌ವರ್ಕ್ ಸಿಕ್ಕಿದೆ. ಮಗ ಉತ್ತರ ಹೇಳುತ್ತಾನೆ. ಏನೆಂದು ಕೇಳಬೇಡಿ, ಅದು ಆ ಮನೆಯ ಗುಟ್ಟು. 1950ರ ಆದೇಶದ ಆ ಮೂರನೇ ಕಲಂ 1956ರಲ್ಲಿ ಸಿಖ್ಖರಿಗೆ ತೆರೆಯಿತು, 1990ರಲ್ಲಿ ಬೌದ್ಧರಿಗೆ. ಕ್ರೈಸ್ತ ದಲಿತರ ವಿಷಯ ನೋಡಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅದಕ್ಕೆ ಕೊಟ್ಟಿದ್ದ ಗಡುವು ಎರಡು ವರ್ಷ.